ಎಡಗಡೆಯ ಪೆಟ್ಟಿಗೆ

೧೯೪೮ ಡಿಸೆಂಬರ್ ೩, ಶುಕ್ರವಾರ

ಗಾಲಿ ನಾಲ್ಕೂ ತೊಳೆದೆ. ಪರದೆ ಬಿಚ್ಚಿ ಜಾಡಿಸಿದೆ. ಕಪ್ಪು-ಬಸಿ ಹುಲ್ಲಿನಿಂದ ತೆಗೆದು, ಬೂದಿ ಹಚ್ಚಿ ತೊಳೆದು, ಮತ್ತೆ ಹುಲ್ಲು ಸುತ್ತಿ ಇಟ್ಟೆ. ಕಂದೀಲಿನ ಗಾಜು ಒರೆಸಿದೆ. ಬಲಗಡೆಯ ಪೆಟ್ಟಿಗೆ ಹೊರಗೆಳೆದು, ಬೇವಿನೆಲೆ ಕುದಿಸಿದ ನೀರಿನಿಂದ ತಿಕ್ಕಿ, ಬಿಸಿಲಿಗೆ ಮಗುಚಿ ಹಾಕಿದೆ. ಎಡಗಡೆಯದು — ನಾಳೆ.

ನಾಳೆ ಎಂದು ಎರಡು ತಿಂಗಳ ಮೇಲಾಯಿತು ಬರೆಯುತ್ತಿದ್ದೇನೆ.

ಗಾಡಿ ಬೀದರದಲ್ಲಿ ಧಣಿಗಳ ಮನೆಯ, ಕೋಠಿಯ, ಗಾಡಿಖಾನೆಯಲ್ಲೇ ನಿಂತಿದೆ. ಸೆಪ್ಟೆಂಬರದಿಂದ ಒಂದು ಗೇಣು ಅಲುಗಿಲ್ಲ. ಎತ್ತು ಕಮಠಾಣದಲ್ಲಿ ತಮ್ಮನ ಹತ್ತಿರ. ಗಾಡಿ ಹೊಡೆಯುವ ಹಬೀಬ ಆಗಸ್ಟಿನಲ್ಲೇ ಧಣಿ ಸಾಹೇಬರ ಜೊತೆ ಹೈದರಾಬಾದಿಗೆ ಹೋದವನು ಹೋದ. ಆದರೂ ತೊಳೆಯುತ್ತೇನೆ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ್ದು. ಶಿವಕಾಂತಾ ಬಾಗಿಲಲ್ಲಿ ನಿಂತು ನಗುತ್ತಾಳೆ.

"ಎಲ್ಲಿಗೂ ಹೋಗದ ಗಾಡಿಗಿ ಇಷ್ಟು ಜಳಕಾ ಯಾಕ್ರೀ? ನಾ ತಲಿ ತೊಳಕೊಂಡು ಎಂಟು ದಿನ ಆತು. ಒಂದು ಹಂಡೆ ನೀರು ಕಾಸಿ ಕೊಟ್ಟೀರಿ ನನಗ?"

ಹೆಂಡತಿಗೆ ಉತ್ತರ ಕೊಟ್ಟರೆ ಎರಡು ಮಾತು ಹೆಚ್ಚು ಬರುತ್ತವೆ. ಗಾಲಿ ಒರೆಸುತ್ತ ಹೋದೆ.

ಇಂದು ಒಂದು ವಿಚಿತ್ರ. ಗಾಡಿಯ ಒಳಗೆ, ಎಡಗಡೆಯ ಹಾಸಿಗೆಯ ಮುಂದಿನ ಹಲಗೆಯ ಮೇಲೆ ಮಣ್ಣು. ಕರಿ ಮಣ್ಣು, ಒಣಗಿ ಹಪ್ಪಳದ ಹಾಗೆ ಎದ್ದದ್ದು. ಬೀದರದಲ್ಲಿ ಎಲ್ಲಿ ಅಗೆದರೂ ಕೆಂಪು. ಕರಿ ಮಣ್ಣು ಬೇಕೆಂದರೆ ಗುಡ್ಡ ಇಳಿದು ಭಾಲ್ಕಿ ಕಡೆ, ಔರಾದ ಕಡೆ ಹೋಗಬೇಕು. ಸೆಪ್ಟೆಂಬರದಲ್ಲಿ ಅಂಟಿಕೊಂಡು ಬಂದದ್ದನ್ನೆಲ್ಲ ನಾನೇ ಖುರ್ಪಿಯಿಂದ ಕೆರೆದು ತೆಗೆದಿದ್ದೆ. ಒಂದು ಕಾಳಿನಷ್ಟೂ ಬಿಟ್ಟಿರಲಿಲ್ಲ.

ಮತ್ತೆ ಕೆರೆದೆ.


ಡಿಸೆಂಬರ್ ೪, ಶನಿವಾರ. ಮಧ್ಯಾಹ್ನ ಮೂರು ದಾಟಿ

ಗಾಡಿಯ ಕೆಳಗೆ ಮಲಗಿ ಅಚ್ಚಿಗೆ ಎಣ್ಣೆ ಹಾಕುತ್ತಿದ್ದೆ. ಮೇಲಿಂದ ಬಡಿದ ಸಪ್ಪಳ. ಟಕ್, ಟಕ್, ಟಕ್. ಮೂರು. ಆಮೇಲೆ ಇಲ್ಲ.

ಇಲಿ.

ಎದ್ದು ನೋಡಿದೆ. ಎಡಗಡೆಯ ಪೆಟ್ಟಿಗೆಯ ಮುಚ್ಚಳಕ್ಕೆ ಅಗುಳಿಯ ಹಾಗೆ ಸೇರಿಸುವ ಕೀಲು ಹಾಕಿದ್ದು ಹಾಕಿದ ಹಾಗೇ ಇದೆ.


ಡಿಸೆಂಬರ್ ೫

ಬೋನು ಇಟ್ಟೆ. ಇಲಿ ಬೀಳಲಿಲ್ಲ. ಇಟ್ಟ ರೊಟ್ಟಿ ತುಣುಕು ಇಟ್ಟಲ್ಲೇ ಇತ್ತು. ಇರುವೆ ಸಹ ಮುಟ್ಟಿಲ್ಲ. ಇರುವೆಗೂ ನನಗೂ ಹಳೆಯ ಜಗಳ. ಎರಡು ವರ್ಷದ ಹಿಂದೆ ಹೊದೆಯುವ ರಜಾಯಿಯೊಳಗೆ ಮೊಟ್ಟೆ ಇಟ್ಟು ಬೇಗಂ ಸಾಹೇಬರ ಮುಂದೆ ನನ್ನ ಮಾನ ತೆಗೆದವು. ಈ ವರ್ಷ ಮಳೆಗಾಲಕ್ಕೆ ಮೊದಲೇ ಅವಕ್ಕೆ ಬಂದೋಬಸ್ತು ಮಾಡಿದ್ದೆ.


ಡಿಸೆಂಬರ್ ೭, ಮಂಗಳವಾರ

ಸಾಹೇಬರ ಕಾಗದ ಬಂತು. ಉರ್ದು. ನನಗೆ ಬರುವುದು ಮಠದಲ್ಲಿ ಕಲಿತ ಮೂರು ವರ್ಷದ ಕನ್ನಡ ಅಷ್ಟೇ. ಕಚೇರಿಯ ಗುಮಾಸ್ತ ಗೋರಖನಾಥನ ಹತ್ತಿರ ಓದಿಸಿದೆ. ಅವನು ಸಾಹೇಬರ ಕಾಲದಲ್ಲೂ ಗುಮಾಸ್ತ, ಈಗಲೂ ಗುಮಾಸ್ತ. ಟೊಪ್ಪಿಗೆ ಮಾತ್ರ ಬದಲಾಗಿದೆ. ಹೋದ ಕೂಡಲೆ ನಿಜಾಮರ ಕಾಲದ ಫಸಲಿ ತಾರೀಖು ಬರೆಯುವುದು ನಿಂತಿತು, ಇನ್ನು ಇಂಗ್ರಜಿ ತಾರೀಖೇ ಎಂದು ನನಗೆ ಮತ್ತೊಮ್ಮೆ ಪಾಠ ಹೇಳಿದ. ಕಾಗದ ಓದು ಮೊದಲು ಎಂದೆ.

ಸಲಾವೋದ್ದೀನ ಸಾಹೇಬರು ಬರೆದದ್ದು ಇಷ್ಟು. ಕೋಠಿಯ ಆಸೆ ಬಿಟ್ಟಿದ್ದಾರೆ. ಜನವರಿ ಕೊನೆಗೆ ಮುಂಬಯಿಯಿಂದ ಹಡಗು, ಕರಾಚಿಗೆ. ಬೇಗಂ ಸಾಹೇಬರು ಮಗಳು ಬಾರದೆ ಹಡಗು ಹತ್ತುವುದಿಲ್ಲ ಎಂದು ಊಟ ಬಿಟ್ಟಿದ್ದಾರೆ. "ಮಡೆಪ್ಪಾ, ನಿನ್ನ ಕೈಯಲ್ಲಿ ಕೊಟ್ಟಿದ್ದೆ. ಗೌಹರ ಎಲ್ಲಿದ್ದಾಳೆ ಎಂದು ತಿಳಿದ ದಿನವೇ ಬರೆ. ಇದ್ದಾಳೋ ಇಲ್ಲವೋ, ಅಷ್ಟಾದರೂ ಬರೆ."

ಗೋರಖನಾಥ ಕಾಗದ ಮಡಚಿ ಕೊಟ್ಟು, ಚಹಾ ಕುಡೀತೀಯಾ ಎಂದ. ಇಲ್ಲ ಎಂದೆ.


ಡಿಸೆಂಬರ್ ೮

ಒಂದು ಸಲ ಬರೆದುಬಿಡುತ್ತೇನೆ. ಮತ್ತೆ ಬರೆಯುವುದಿಲ್ಲ.

ಈ ಗಾಡಿಯನ್ನು ಸಾಹೇಬರು ಹೈದರಾಬಾದಿನಲ್ಲಿ ಮಾಡಿಸಿದ್ದು. ಜನ ಮನೆಗಾಡಿ ಎನ್ನುತ್ತಾರೆ. ತೇಗದ ಕಟ್ಟು, ಮೇಲೆ ಮಾಡು, ಸುತ್ತ ಪರದೆ, ಒಳಗೆ ಎರಡು ಹಾಸಿಗೆ. ಒಂದೊಂದು ಹಾಸಿಗೆಯ ಕೆಳಗೆ ಒಂದೊಂದು ಉದ್ದ ಪೆಟ್ಟಿಗೆ. ವರ್ಷಕ್ಕೊಮ್ಮೆ ಸಂಕ್ರಮಣ ಮುಗಿದ ಮೇಲೆ ಮನೆಯವರೆಲ್ಲ ಸೈರಿಗೆ, ತಿರುಗಾಟಕ್ಕೆ, ಹೊರಡುವುದು. ಭಾಲ್ಕಿ, ಮಾಂಜ್ರಾ ಹೊಳೆಯ ದಡ, ಔರಾದದ ತೋಟದ ಮನೆ. ಹದಿನೈದು ದಿನ. ಕಟ್ಟುವುದು, ಬಿಚ್ಚುವುದು, ತೊಳೆಯುವುದು ನನ್ನ ಪಾಲು. ದಾರಿಯಲ್ಲಿ ಗಾಡಿಯೊಳಗೆ ಒಂದು ಚಮಚ ಸಪ್ಪಳ ಮಾಡಿದರೂ ನನಗೆ ಅವಮಾನ. ಯಾವ ಸಾಮಾನು ಯಾವ ಖಾನೆಯಲ್ಲಿ ಎಂದು ಬರೆಯಲಿಕ್ಕೆ ಸಾಹೇಬರೇ ಈ ವಹಿ ಕೊಟ್ಟದ್ದು.

ಎಡಗಡೆಯ ಪೆಟ್ಟಿಗೆ ಗೌಹರಳದು. ಐದು ವರ್ಷದವಳಿದ್ದಾಗಿನಿಂದ ತನ್ನ ರಜಾಯಿ ತಾನೇ ಮಡಚಿ ಇಡಬೇಕು, ತಾನೇ ತೆಗೆಯಬೇಕು. ಮೂರು ಮಡಿಕೆ. ನಾನೇ ಕಲಿಸಿದ್ದು. ಬೇರೆಯವರು ಮುಟ್ಟಿದರೆ ಕಾಲು ಬಡಿಯುತ್ತಿದ್ದಳು. "ಮಡೆಪ್ಪ ಕಾಕಾ, ನನ್ನ ಖಾನಾ ನಾನೇ ತೆಗೀತೇನಿ." ಅದಕ್ಕೇ ನಾನು ತೆಗೆದಿಲ್ಲ. ಅವಳೇ ಬಂದು ತೆಗೆಯಲಿ.

ಗಲಾಟೆ ಶುರುವಾದಾಗ ಸಾಹೇಬರು, ಬೇಗಂ ಸಾಹೇಬರು ಹೈದರಾಬಾದಿನಲ್ಲಿ. ಗೌಹರ ಜ್ವರ ಬಂದು ಔರಾದದ ತೋಟದಲ್ಲಿ ಉಳಿದಿದ್ದಳು. ಜೊತೆಗೆ ಅವಳನ್ನು ಎತ್ತಿ ಬೆಳೆಸಿದ ಕುಲಸುಮಬೀ. ಪೊಲೀಸ್ ಆ್ಯಕ್ಷನ್ ಮುಗಿಯಿತು, ರಜಾಕಾರರು ಓಡಿದರು. ಅವರು ಸುಟ್ಟದ್ದಕ್ಕೆ ಲೆಕ್ಕ ತೀರಿಸಲು ಜನ ಕೋಲು ಹಿಡಿದು ದಾರಿಗೆ ಬಂದರು. ಯಾರು ಮಾಡಿದ್ದು, ಯಾರು ತೀರಿಸುವುದು — ಆ ದಿನಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. ಸೆಪ್ಟೆಂಬರ್ ಇಪ್ಪತ್ತೊಂದು, ಮಂಗಳವಾರ, ಇಬ್ಬರನ್ನೂ ಮನೆಗಾಡಿಯಲ್ಲಿ ಕೂರಿಸಿಕೊಂಡು ನಾನೇ ಹೊಡೆದುಕೊಂಡು ಔರಾದ ಬಿಟ್ಟೆ. ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವುದು ಎಂದು.

ಹೊಳೆ ಇನ್ನೂ ಒಂದು ಹರದಾರಿ ಇರುವಾಗ ಎದುರಿಗೆ ಬಂದ ಕುರುಬರವ ಹೇಳಿದ. ಗಾಡಿ ದಾಟುವ ಜಾಗದಲ್ಲಿ ಜನ ನಿಂತಿದ್ದಾರೆ, ಪರದೆ ಎತ್ತಿ ನೋಡುತ್ತಿದ್ದಾರೆ. ಪರದೆ ಬಿಚ್ಚಿ ಮಡಚಿ ಇಟ್ಟೆ. ಕುಲಸುಮಬೀಯನ್ನು ಬಲಗಡೆಯ ಪೆಟ್ಟಿಗೆಯಲ್ಲಿ, ಗೌಹರಳನ್ನು ಎಡಗಡೆಯದರಲ್ಲಿ ಮಲಗಿಸಿದೆ. ಮೇಲೆ ರಜಾಯಿ, ದಿಂಬು. ಹಣೆಗೆ ವಿಭೂತಿ ಹಚ್ಚಿಕೊಂಡೆ. ಕುಲಸುಮಬೀಯ ಮೊಣಕಾಲು ಬಗ್ಗುವುದಿಲ್ಲ, ಅವಳ ಮುಚ್ಚಳ ಸರಿಯಾಗಿ ಕೂಡಲಿಲ್ಲ, ಕೀಲು ಹಾಕಲಿಲ್ಲ. ಗೌಹರಳದಕ್ಕೆ ಹಾಕಿದೆ.

ಹೊಳೆಯ ದಡದಲ್ಲಿ ನನ್ನನ್ನು ಇಳಿಸಿ ದೂರದ ಬೇವಿನ ಗಿಡದ ಕೆಳಗೆ ಕರೆದೊಯ್ದರು. ಯಾರವನು, ಯಾವ ಊರು, ಯಾವ ಮಠ. ಹತ್ತು ಸಲ ಕೇಳಿದರು. ವಚನ ಹೇಳು ಎಂದರು. ಹೇಳಿದೆ. ಒಬ್ಬ ಹೋಗಿ ಗಾಡಿಯೊಳಗೆ ಇಣುಕಿ ಬಂದ. ಕಡೆಗೆ ಬಿಟ್ಟರು. ಹೊಳೆ ದಾಟಿದೆ. ಭಾಲ್ಕಿ ಹತ್ತಿರ ಮಾವಿನ ತೋಪಿನಲ್ಲಿ ನಿಲ್ಲಿಸಿ ಎಡಗಡೆಯ ಕೀಲು ತೆಗೆದೆ.

ಪೆಟ್ಟಿಗೆ ಖಾಲಿ. ರಜಾಯಿ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು.

ಕುಲಸುಮಬೀ ಹೇಳಿದಳು. ನೀವು ಗಿಡದ ಕೆಳಗೆ ಇದ್ದಾಗ ನಾನೇ ಕೀಲು ತೆಗೆದೆ, ಜೋಳದ ಹೊಲದಲ್ಲಿ ಓಡಿ ಹೋದಳು ಎಂದು. ಆ ಜೋಳ ಆಳೆತ್ತರ ಇತ್ತು. ಮರಳಿ ಹೋಗಿ ಹುಡುಕುತ್ತೇನೆ ಎಂದರೆ ನನ್ನ ಕಾಲು ಹಿಡಿದಳು, ಬಿಡಲಿಲ್ಲ. ರೈಲನ್ನೂ ಹತ್ತಲಿಲ್ಲ. ನನ್ನ ಜೊತೆಗೇ ಬೀದರಕ್ಕೆ ಬಂದು ಹಿತ್ತಲಿನ ಕೋಣೆಯಲ್ಲಿ ಉಳಿದಳು.

ಹೀಗೆ. ಗೌಹರ ಯಾವುದೋ ಹಳ್ಳಿಯಲ್ಲಿ, ಯಾರದೋ ಮನೆಯಲ್ಲಿ ಇದ್ದಾಳೆ. ಹದಿನಾರು ವರ್ಷದ ಹುಡುಗಿ, ಕನ್ನಡ ನನ್ನಷ್ಟೇ ಬರುತ್ತದೆ. ಯಾರೋ ಇಟ್ಟುಕೊಂಡಿರಬೇಕು.


ಡಿಸೆಂಬರ್ ೧೬, ಗುರುವಾರ

ಐದು ದಿನ ತಿರುಗಿದೆ. ರೈಲಿನಲ್ಲಿ ಭಾಲ್ಕಿ, ಅಲ್ಲಿಂದ ನಡೆದು ಹೊಳೆಯ ಆಚೆ ಈಚೆ ಏಳು ಹಳ್ಳಿ. ಹುಡುಗಿಯನ್ನು ಕಂಡವರು ಇಲ್ಲ. ಕೆಲವರು ನನ್ನ ಮುಖವನ್ನೇ ನೋಡಲಿಲ್ಲ. ಒಂದು ಊರಿನಲ್ಲಿ ಶಾಂತಾಬಾಯಿ ಎಂಬ ಹೆಂಗಸು ಹೊಲದ ಬದುವಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಗೌಹರ ಎಂಬ ಹೆಸರು ಕೇಳಿದ್ದೇ ತುತ್ತು ಕೈಯಲ್ಲೇ ಉಳಿಯಿತು. ಇಲ್ಲ ಅಪ್ಪಾ, ಗೊತ್ತಿಲ್ಲ ಎಂದಳು. ಅರ್ಧ ರೊಟ್ಟಿ ನನಗೆ ಕೊಟ್ಟಳು. ಕೇಳದೇ ಯಾಕೆ ಕೊಟ್ಟಳು?

ಮನೆಗೆ ಬಂದು ಗಾಡಿ ನೋಡಿದೆ. ಎಡಗಡೆಯ ಹಾಸಿಗೆಯ ಮೇಲೆ ತಗ್ಗು. ಯಾರೋ ಕುಳಿತು ಎದ್ದ ಹಾಗೆ. ಹೋಗುವಾಗ ನಾನು ಅದನ್ನು ಕೈಯಿಂದ ತೀಡಿ ಸಮ ಮಾಡಿ ಹೋಗಿದ್ದೆ. ಶಿವಕಾಂತಾಳನ್ನು ಕೇಳಿದೆ. ಅವಳು ಗಾಡಿಖಾನೆಗೆ ಕಾಲೇ ಇಟ್ಟಿಲ್ಲವಂತೆ. "ನನ್ನ ಸವತಿ ಕಡಿ ನಾ ಯಾಕ ಹೋಗ್ಲಿ" ಎಂದಳು. ಗಾಡಿಗೆ ಅವಳು ಇಟ್ಟ ಹೆಸರು ಅದು, ಮದುವೆಯಾದ ವರ್ಷದಿಂದ.


ಡಿಸೆಂಬರ್ ೧೭. ಮಧ್ಯಾಹ್ನ ಮೂರು

ಮತ್ತೆ. ಮೂರು ಸಲ.

ಕುಲಸುಮಬೀ ಆಗ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೇಳಿತೇ ಎಂದೆ. ಏನು ಎಂದಳು. ಕಣ್ಣು ಮಾತ್ರ ಅಕ್ಕಿಯಿಂದ ಎತ್ತಲಿಲ್ಲ.

ಪೆಟ್ಟಿಗೆಯ ಹತ್ತಿರ ಹೋಗಿ ಕೈ ಇಟ್ಟೆ. ಹಲಗೆ ಬೆಚ್ಚಗಿತ್ತು. ಗಾಡಿಖಾನೆಗೆ ಬಿಸಿಲು ಬರುವುದಿಲ್ಲ.


ಡಿಸೆಂಬರ್ ೨೨

ಗೋರಖನಾಥ ಬಂದ. ಹೊಸ ತಹಶೀಲದಾರರು ಸಂಕ್ರಮಣ ಮುಗಿದ ಮೇಲೆ ದೌರೆ ಹೊರಡುತ್ತಾರಂತೆ, ಊರೂರು ತಪಾಸಣೆಗೆ, ಭಾಲ್ಕಿ, ಔರಾದ. ಅದಕ್ಕೆ ಈ ಗಾಡಿ ಬೇಕಂತೆ. ಯಾವ ಸಾಮಾನು ಎಲ್ಲಿ ಎಂದು ನನ್ನ ಹೊರತು ಯಾರಿಗೂ ತಿಳಿಯದು, ನಾನೂ ಹೋಗಬೇಕಂತೆ. ಗಾಡಿ ಸುತ್ತ ತಿರುಗಿ ನೋಡಿದ. ಎಡಗಡೆಯ ಪೆಟ್ಟಿಗೆ ತೋರಿಸಿ, ಇದರಾಗ ಏನೈತಿ ಎಂದು ಕೇಳಿದ. ನಿನ್ನ ಅಜ್ಜ ಇದ್ದಾನೆ ಎಂದೆ. ನಕ್ಕ. ಪೆಟ್ಟಿಗೆಯ ಮೇಲೆ ಕುಳಿತುಕೊಳ್ಳಲು ಹೋದವನು ಅರ್ಧಕ್ಕೇ ಎದ್ದ. ಏನಾಯಿತು ಎಂದರೆ, ಏನಿಲ್ಲ ಎಂದ. ಧೋತರ ಜಾಡಿಸಿಕೊಂಡು ಹೋದ.


ಡಿಸೆಂಬರ್ ೩೦, ಗುರುವಾರ. ಎಳ್ಳ ಅಮಾವಾಸ್ಯೆ

ಊರೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿದೆ. ನಾವು ಹೋಗಲಿಲ್ಲ. ಶಿವಕಾಂತಾ ಭಜ್ಜಿ, ಅಂಬಲಿ, ಸಜ್ಜೆ ಕಡಬು ಎಲ್ಲ ಮಾಡಿದಳು. ಒಂದು ಪಾಲು ಕಟ್ಟಿ ಕುಲಸುಮಬೀಯ ಕೈಯಲ್ಲಿ ಕೊಟ್ಟದ್ದನ್ನು ನೋಡಿದೆ. ಮೊದಲು ಇವಳು ಕುಲಸುಮಬೀ ತಂದ ಕೊಡದ ನೀರು ಕುಡಿಯುತ್ತಿರಲಿಲ್ಲ. ಈಗ ಇಬ್ಬರೂ ಒಂದೇ ಹಿತ್ತಲಿನಲ್ಲಿ ಎರಡು ಒಲೆ ಹೂಡಿ ದಿನವಿಡೀ ಜಗಳಾಡುತ್ತಾರೆ, ಒಬ್ಬಳು ಕಾಣದಿದ್ದರೆ ಇನ್ನೊಬ್ಬಳು ಹುಡುಕುತ್ತಾಳೆ.

ಕುಲಸುಮಬೀ ಮುಂಜಾನೆಯ ರೈಲಿಗೆ ಹೋದವಳು ಸಂಜೆ ದೀಪ ಹಚ್ಚುವ ಮೊದಲು ಬಂದಳು. ದರ್ಗಾಕ್ಕೆ ಹೋಗಿದ್ದೆ ಎಂದಳು. ಕಾಲು ನೋಡಿದೆ. ಮೊಣಕಾಲಿನವರೆಗೆ ಕರಿ ಮಣ್ಣು. ಕಾಲು ತೊಳೆಯದೆ ನೇರ ಗಾಡಿಖಾನೆಗೆ ಹೋಗಿ, ಗಾಡಿ ಹತ್ತಿ, ಎಡಗಡೆಯ ಹಾಸಿಗೆಯ ಮೇಲೆ ಕುಳಿತಳು. ಬಾಗಿಲ ಸಂದಿಯಿಂದ ನೋಡಿದೆ. ತುಟಿ ಆಡುತ್ತಿದ್ದವು.

ಹಲಗೆಯ ಮೇಲಿನ ಮಣ್ಣು ಅವಳದು. ಹಾಸಿಗೆಯ ತಗ್ಗು ಅವಳದು.

ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಬಡಿಯುವುದು ಅವಳಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳಲ್ಲ.


೧೯೪೯ ಜನವರಿ ೫, ಬುಧವಾರ

ದೌರೆಗೆ ಹನ್ನೆರಡು ದಿನ. ಇನ್ನು ತಡೆಯಲಿಕ್ಕೆ ಬರುವುದಿಲ್ಲ. ಎಡಗಡೆಯ ಪೆಟ್ಟಿಗೆ ತೆಗೆದೆ.

ರಜಾಯಿ ಎತ್ತಿದೆ. ನಾಲ್ಕು ಮಡಿಕೆ. ಗೌಹರ ಮಡಚಿದ್ದಲ್ಲ, ಅವಳದು ಮೂರು. ಆ ದಿನ ನೋಡಿಯೂ ನೋಡಲಿಲ್ಲ ನಾನು. ಒಳಗೆ ಯಾರೋ ಒರೆಸಿದ್ದಾರೆ. ನಾನು ಒರೆಸುವುದು ಹಲಗೆಯ ಉದ್ದಕ್ಕೆ. ಇದು ಸುತ್ತಿ ಸುತ್ತಿ ಒರೆಸಿದ್ದು. ಮೂಲೆಯಲ್ಲಿ ಹಸಿರು ಬಳೆಯ ಚೂರು ಒಂದು.

ಪೆಟ್ಟಿಗೆ ಹೊರಗೆಳೆದು ಅಂಗಳದಲ್ಲಿ ಮಗುಚಿದೆ, ತಿಕ್ಕಲಿಕ್ಕೆ.

ತಳದಲ್ಲಿ ಎಂಟು ತೂತು ಇವೆ, ರಜಾಯಿಗೆ ಗಾಳಿ ಆಡಲಿ ಎಂದು ಬಡಿಗ ಹಾಕಿದ್ದು. ಮುಚ್ಚಳದ ಅಂಚಿಗೆ ಕಂಬಳಿಯ ಪಟ್ಟಿ ಬಡಿದಿದ್ದೇನೆ, ಧೂಳು ಹೋಗಬಾರದೆಂದು. ಕೀಲು ಬಿದ್ದರೆ ಗಾಳಿ ಹೋಗುವುದು ಆ ಎಂಟು ತೂತಿನಿಂದ ಮಾತ್ರ.

ಎಂಟಕ್ಕೂ ಅರಗು ತುಂಬಿದೆ. ನಾನೇ ತುಂಬಿದ್ದು. ಜೂನ್ ತಿಂಗಳಲ್ಲಿ, ಇರುವೆಗೆ. ಎಡಗಡೆಯದು ಮುಗಿಯುವಷ್ಟಕ್ಕೆ ಅರಗು ತೀರಿತು. ಬಲಗಡೆಯದು ಆಮೇಲೆ ಎಂದು ಬಿಟ್ಟೆ.

ಬಿಸಿ ಅರಗನ್ನು ಹೆಬ್ಬೆಟ್ಟಿನಿಂದ ಒತ್ತಿದ್ದೆ. ಎಂಟು ಕಡೆ ನನ್ನ ಹೆಬ್ಬೆಟ್ಟಿನ ಗೆರೆ.


ಜನವರಿ ೬

ಕುಲಸುಮಬೀ ತಾನಾಗಿ ಬಂದಳು. ಮಗುಚಿದ ಪೆಟ್ಟಿಗೆಯನ್ನು ನೋಡಿ ನನ್ನ ಮಗ್ಗುಲಿಗೆ ನೆಲದ ಮೇಲೆ ಕುಳಿತಳು, ಕಾಲು ಚಾಚಿ.

"ನೋಡಿದ್ರಾ, ಅಣ್ಣಾ. ನೀವು ನೋಡಬಾರ್ದಂತ ಮೂರು ತಿಂಗಳು ಆ ಗಾಡ್ಯಾಗ ಕುಂತೆ. ಒಳಗಿಂದ ಆ ಅರಗು ಸೂಜಿಲೆ ಕೆದರ್ತಿದ್ದೆ. ನಿಮ್ಮ ಕೆಲಸ ಭಾಳ ಗಟ್ಟಿ. ಬರಲಿಲ್ಲ."

ಗೌಹರ ಓಡಿದ್ದು ಸುಳ್ಳು.

ನನ್ನನ್ನು ಗಿಡದ ಕೆಳಗೆ ನಿಲ್ಲಿಸಿದಾಗ, ಇಣುಕಿದವನು ಹೋದ ಮೇಲೆ, ಇವಳು ಮೆಲ್ಲಗೆ ಎದ್ದು ಎಡಗಡೆಯ ಕೀಲು ತೆಗೆದಿದ್ದಾಳೆ. ಹುಡುಗಿ ತಣ್ಣಗಾಗಿದ್ದಳು. ತುಟಿ ನೀಲಿ. ಬಾಯಿಗೆ ಬಾಯಿ ಇಟ್ಟು ಊದಿದಳಂತೆ. ಕೂಗಲಿಕ್ಕೆ ಬರುವ ಹಾಗಿರಲಿಲ್ಲ. ಕೂಗಿದ್ದರೆ ನನ್ನನ್ನೂ ಕಡಿಯುತ್ತಿದ್ದರು. ಗಾಡಿಯ ಆಚೆ ಮಗ್ಗುಲಿಗೇ ಇದ್ದ ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಇವಳನ್ನು ನೋಡಿದಳು. ಶಾಂತಾಬಾಯಿ. ಇಬ್ಬರೂ ಸೇರಿ ಹುಡುಗಿಯನ್ನು ಜೋಳದೊಳಗೆ ಒಯ್ದರು. ಮಣ್ಣು ಕೊಡುವ ಹೊಣೆ ಶಾಂತಾಬಾಯಿ ತೆಗೆದುಕೊಂಡಳು. ಇವಳು ಮರಳಿ ಬಂದು ಪೆಟ್ಟಿಗೆ ಒರೆಸಿದಳು, ರಜಾಯಿ ಮಡಚಿದಳು, ಕೀಲು ಹಾಕಿದಳು, ತನ್ನ ಪೆಟ್ಟಿಗೆಯಲ್ಲಿ ಹೋಗಿ ಮಲಗಿದಳು.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ.

"ಹೇಳಿದ್ರ ನೀವು ಹೊಳ್ಯಾಗ ಬೀಳ್ತಿದ್ರಿ. ಒಂದು ದಿನಕ್ಕ ಎರಡು ಯಾಕ ಅಂತ ಸುಮ್ಮನಿದ್ದೆ."

ಈಗ ಆ ಹೊಲದ ಜೋಳ ಕೊಯ್ದಾಗಿದೆ. ಶಾಂತಾಬಾಯಿಯ ಗಂಡ ಅಷ್ಟು ಜಾಗ ಬಿಟ್ಟು ನೇಗಿಲು ಹೊಡೆದಿದ್ದಾನಂತೆ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆಲ್ಲ ಚರಗ, ಎಡೆಯ ಅನ್ನ, ಚೆಲ್ಲುತ್ತ ಬಂದು ಅಲ್ಲಿಗೂ ಒಂದು ಹಿಡಿ ಚೆಲ್ಲಿದನಂತೆ. ಶಿವಕಾಂತಾ ಕಟ್ಟಿಕೊಟ್ಟ ಪಾಲನ್ನು ಇವಳು ಅಲ್ಲೇ ಇಟ್ಟು ಬಂದಳು. ಶಿವಕಾಂತಾಳಿಗೂ ಗೊತ್ತಿತ್ತು. ನನ್ನ ಹೊರತು ಎಲ್ಲರಿಗೂ.


ಜನವರಿ ೭

ಒಂದು ಮಾತು ಬಚ್ಚಿಟ್ಟಿದ್ದೆ. ಈ ವಹಿಯಿಂದಲೂ.

ಪೆಟ್ಟಿಗೆ ಮುಚ್ಚುವಾಗ ಅವಳಿಗೆ ಹೇಳಿದ್ದೆ, ಉಸಿರು ಕಟ್ಟಿದರೆ ಮೂರು ಸಲ ಬಡಿ ಎಂದು. ಮಧ್ಯಾಹ್ನ ಮೂರರ ಹೊತ್ತು, ಹೊಳೆ ಇನ್ನೂ ಕಾಣುವುದಿತ್ತು, ಅಷ್ಟರಲ್ಲಿ ಬಡಿದಳು. ಟಕ್, ಟಕ್, ಟಕ್. ದಾರಿ ಖಾಲಿ ಇತ್ತು. ನಿಲ್ಲಿಸಲಿಕ್ಕೆ ಬರುತ್ತಿತ್ತು. ಗಾಳಿ ತೂತು ಇವೆಯಲ್ಲ, ಹುಡುಗಾಟ, ಹೆದರಿಕೆ ಎಂದುಕೊಂಡೆ. ಅರಗು ಮರೆತೇ ಹೋಗಿತ್ತು. ನನ್ನ ಸಿಟ್ಟು ಎಲ್ಲರಿಗೂ ಗೊತ್ತು. ಹಿಂದೆ ತಿರುಗದೆ ಬಾರುಕೋಲಿನ ಹಿಡಿಯಿಂದ ಹಲಗೆಗೆ ಬಡಿದು ಹೇಳಿದೆ.

"ಏ, ಸುಮ್ಮನಿರು. ಜೀವಾ ತಿನಬ್ಯಾಡ."

ಸುಮ್ಮನಾದಳು.

ನಾನು ಹೇಳಿದ ಮಾತು ಆ ಹುಡುಗಿ ಎಂದೂ ಮೀರಿದವಳಲ್ಲ.


ಜನವರಿ ೧೩, ಗುರುವಾರ

ಕಚೇರಿಗೆ ಹೋಗಿ ಗೋರಖನಾಥನ ಮುಂದೆ ಕುಳಿತೆ. ಸಾಹೇಬರಿಗೆ ಕಾಗದ ಬರೆಯಬೇಕು ಎಂದೆ. ಬರೆಯಲು ಶುರುಮಾಡಿದ. ನಾನು ಹೇಳುತ್ತ ಹೋದೆ. ಅರಗು ಎನ್ನುವ ಹೊತ್ತಿಗೆ ಅವನ ಲೇಖಣಿಯ ಟಾಕು ನಿಂತಿತು.

"ಮಡೆಪ್ಪಾ, ಜ್ವರದಾಗ ಹೋದ್ಲು ಅಂತ ಬರೀಲೇನು? ಮೊದಲೇ ಜ್ವರ ಇತ್ತಲ್ಲ."

ಕುಲಸುಮಬೀಯೂ ಬರುವಾಗ ಅದನ್ನೇ ಹೇಳಿ ಕಳಿಸಿದ್ದಳು. ಬೇಡ ಎಂದೆ. ಅರಗು ಬರೆ. ಹೆಬ್ಬೆಟ್ಟು ಬರೆ. ಮೂರು ಸಲ ಬಡಿದದ್ದು ಬರೆ. ನಾನು ಅಂದ ಮಾತು, ನಾನು ಅಂದ ಹಾಗೇ ಬರೆ. ಮಣ್ಣು ಕೊಟ್ಟ ಹೊಲ ಯಾವುದು ಎಂದೂ ಬರೆ. ಇದ್ದಾಳೋ ಇಲ್ಲವೋ ಎಂದು ಕೇಳಿದ್ದಾರೆ. ದಾರಿ ಕಾಯುತ್ತ ಹಡಗು ಬಿಡಬಾರದು.

ಹೋದ ವರ್ಷ ರಜಾಕಾರರು ಗೋರಖನಾಥನ ಅಣ್ಣನ ಬಣವೆಗೆ ಬೆಂಕಿ ಇಟ್ಟಿದ್ದರು. ಅಣ್ಣ ಅದರ ಹಿಂದೆ ಅಡಗಿದ್ದ, ಉಳಿಯಲಿಲ್ಲ. ಆ ಮನುಷ್ಯ ಈ ಕಾಗದ ಬರೆಯಲಾರೆ ಎಂದಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ. ತಲೆ ಬಗ್ಗಿಸಿ ಪೂರ್ತಿ ಬರೆದ. ಕೊನೆಗೆ ನಾನು ಹೆಬ್ಬೆಟ್ಟು ಒತ್ತಿದೆ. ಸಹಿ ಬರುತ್ತದೆ ನನಗೆ. ಆದರೂ ಹೆಬ್ಬೆಟ್ಟೇ ಒತ್ತಿದೆ.

ಅಂಚೆಗೆ ತಾನೇ ಹಾಕುತ್ತೇನೆ ಎಂದ. ಚಹಾ ತರಿಸಿದ. ಈ ಸಲ ಕುಡಿದೆ.


ಜನವರಿ ೧೬, ಭಾನುವಾರ

ಅರಗು ಕಾಸಿ ತೆಗೆದೆ. ಬೈರಿಗೆ ತಂದು ಇನ್ನೂ ಎಂಟು ತೂತು ಕೊರೆದೆ, ಬದಿಯಲ್ಲಿ ನಾಲ್ಕು, ಮುಚ್ಚಳದಲ್ಲಿ ನಾಲ್ಕು. ಕಂಬಳಿ ಪಟ್ಟಿ ಕಿತ್ತೆ. ಧೂಳು ಬೇಕಾದಷ್ಟು ಬರಲಿ. ಇರುವೆ ಬೇಕಾದಷ್ಟು ಬರಲಿ.

ಗಾಡಿ ಕಟ್ಟಿದ್ದಾಯಿತು. ತಹಶೀಲದಾರರ ಕಾಗದಪತ್ರ ಬಲಗಡೆ. ಚಹಾದ ಸಾಮಾನು ಮೇಲಿನ ಖಾನೆಯಲ್ಲಿ. ನೀರಿನ ಮಡಕೆ ಕೊನೆಗೆ. ಎಡಗಡೆಯ ಪೆಟ್ಟಿಗೆಯಲ್ಲಿ ಅವರದೇನೂ ಇಡಲಿಲ್ಲ. ಕುಲಸುಮಬೀ ಗೌಹರಳ ರಜಾಯಿ ಒಗೆದು ಒಣಗಿಸಿ ತಂದು ಕೊಟ್ಟಳು. ಮೂರು ಮಡಿಕೆ ಮಾಡಿ ಇಟ್ಟೆ. ಅವಳು ಒಂದು ಸಲ ಕೈಯಾಡಿಸಿ, ಇದು ಚಲೋ ಕೂತಿತು ನೋಡ್ರಿ ಎಂದಳು.

ಶಿವಕಾಂತಾ ರೊಟ್ಟಿ ಬುತ್ತಿ ಕಟ್ಟಿಕೊಟ್ಟಳು. ಗಾಡಿಖಾನೆಯ ಒಳಗೆ ಮೊದಲ ಸಲ ಬಂದಳು. ಗಾಡಿಯ ಚಕ್ರ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಚೇಷ್ಟೆ ಮಾಡಲಿಲ್ಲ. "ಸಿಟ್ಟಿಗೇಳಬ್ಯಾಡ್ರಿ ದಾರ್ಯಾಗ" ಎಂದಳು, ಅಷ್ಟೇ.


ಜನವರಿ ೧೯, ಬುಧವಾರ. ಹೊಳೆಯ ದಡ. ಮಧ್ಯಾಹ್ನ

ಮುಂಜಾನೆ ಶಾಂತಾಬಾಯಿ ಹೊಲ ತೋರಿಸಿದಳು. ಒಂದು ಆಳು ಮಲಗುವಷ್ಟೂ ಇಲ್ಲ ಆ ಜಾಗ. ಸುತ್ತ ನೇಗಿಲಿನ ಗೆರೆ ಬಾಗಿ ಹೋಗಿದೆ. ನಿಂತೆ. ಏನು ಮಾಡಬೇಕೋ ತಿಳಿಯಲಿಲ್ಲ. ವಿಭೂತಿ ಇಡಲೇ, ಅವರದು ಏನು ಓದುತ್ತಾರೋ ಅದನ್ನು ಓದಲೇ. ಒಣ ಹುಲ್ಲು ಇತ್ತು, ಕಿತ್ತೆ. ಹೆಂಟೆ ಒಡೆದು ಸಮ ಮಾಡಿದೆ. ಉದ್ದಕ್ಕೆ ಕೈಯಾಡಿಸಿದೆ. ನನಗೆ ಬರುವುದು ಅದೊಂದೇ.

ತಹಶೀಲದಾರರು ಜನರನ್ನು ಕರೆದುಕೊಂಡು ಆಚೆ ಊರಿಗೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ. ಎತ್ತು ಮೇಯಲು ಬಿಟ್ಟಿದೆ. ಎಲ್ಲ ಸಾಮಾನು ಬಿಚ್ಚಿ ಇಳಿಸಿದೆ, ಎಡಗಡೆಯ ಪೆಟ್ಟಿಗೆಯೊಂದು ಬಿಟ್ಟು. ಆ ದಿನ ಗಾಡಿ ನಿಂತಿದ್ದ ಜಾಗವೇ ಇದು. ಬೇವಿನ ಗಿಡ ಅಲ್ಲೇ ಇದೆ. ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಎಂದು ನಡೆದು ನೋಡಿದೆ. ನೂರಾ ಹತ್ತು ಹೆಜ್ಜೆ. ಆ ದಿನ ಹರದಾರಿ ಅನ್ನಿಸಿತ್ತು.

ಗಾಳಿ ಇಲ್ಲ. ಹೊಳೆಯ ಸಪ್ಪಳವೂ ಇಲ್ಲ. ಗಾಡಿಯೊಳಗೆ ಬಲಗಡೆಯ ಹಾಸಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಎದುರಿಗೆ ಪೆಟ್ಟಿಗೆ. ಮುಚ್ಚಳ ಹಾಕಿದೆ, ಕೀಲು ಹಾಕಿಲ್ಲ. ಕೀಲು ನನ್ನ ಎಡಗೈಯಲ್ಲಿದೆ.

ಮೂರು ಆಗಿರಬೇಕು. ನೆರಳು ಗಾಲಿಯ ಅಂಚಿಗೆ ಬಂತು.

ಬಡಿಯಿತು.

ಮೂರು.

ಹೆದರಿಕೆ ಆಗುತ್ತದೆ. ಸುಳ್ಳು ಯಾಕೆ ಬರೆಯಲಿ. ಆದರೆ ಈ ಸಲ ಸುಮ್ಮನಿರು ಎನ್ನಲಿಲ್ಲ. "ಕೀಲು ಹಾಕಿಲ್ಲ ಮಗಳೇ" ಎಂದೆ. "ನಿನ್ನ ಖಾನಾ, ನೀನೇ ತೆಗಿ."

ಮೇಲೆ ಕೊರೆದ ನಾಲ್ಕು ತೂತಿನಿಂದ ಧೂಳು ಎದ್ದಿತು, ಒಳಗಿಂದ ಯಾರೋ ಉಸಿರು ಬಿಟ್ಟ ಹಾಗೆ. ಬಿಸಿಲಿನಲ್ಲಿ ನಾಲ್ಕು ಎಳೆ. ಮುಚ್ಚಳ ಒಂದು ಬೆರಳಿನಷ್ಟು ಮೇಲೆ ಎದ್ದಿತು.